ಪರದೆಗೆ ಬೆನ್ನು ಮಾಡಿ ಕುಳಿತವರು

ಸಿನಿಮಾ ನಡೆಯುವಾಗ ಪರದೆಗೆ ಬೆನ್ನು ಮಾಡಿ ಕುಳಿತುಕೊಳ್ಳುವ ಮನುಷ್ಯನನ್ನು ನನ್ನ ಜೀವಮಾನದಲ್ಲಿ ನಾನು ಕಂಡದ್ದು ಒಬ್ಬರನ್ನೇ. ಅವರು ಬೈಲಹೊಂಗಲದಲ್ಲಿ ದನದ ಡಾಕ್ಟರಾಗಿದ್ದರು. ನನಗೆ ನೆರೆಮನೆಯವರು. ಹೋದ ತಿಂಗಳು ಅವರು ತೀರಿಕೊಂಡ ಸುದ್ದಿ ತಿಳಿದಾಗ ನನಗೆ ಅಳು ಬರುವ ಮೊದಲು ನಗು ಬಂತು. ಇದ್ದಿದ್ದರೆ ಅವರು ಅದನ್ನೂ ಬಿಡುತ್ತಿರಲಿಲ್ಲ, ಯಾಕೆ ನಕ್ಕಿರಿ ಎಂದು ಬೆನ್ನುಹತ್ತಿ ಕೇಳುತ್ತಿದ್ದರು.

ತೊಂಬತ್ತರ ದಶಕದ ನಡುವೆ ನನಗೆ ಧಾರವಾಡದಿಂದ ಬೈಲಹೊಂಗಲದ ಹೈಸ್ಕೂಲಿಗೆ ವರ್ಗವಾಯಿತು. ನನ್ನ ಯಜಮಾನರು ನವಿಲುತೀರ್ಥದಲ್ಲಿ ನೀರಾವರಿ ಇಲಾಖೆಯ ನೌಕರಿಯಲ್ಲಿದ್ದರು. ಶನಿವಾರ ಸಂಜೆ ಬಂದು ಸೋಮವಾರ ನಸುಕಿನಲ್ಲಿ ಹೋಗುವವರು. ಬಾಡಿಗೆ ಮನೆ ಹಿಡಿದ ಮೊದಲ ರವಿವಾರವೇ ಇಬ್ಬರೂ ಊರಿನ ಟಾಕೀಸಿಗೆ ಹೋಗಿ ಒಂದು ಸಂಸಾರದ ಚಿತ್ರ ನೋಡಿ ಬಂದೆವು. ಮರುದಿನ ಬೆಳಿಗ್ಗೆ ನಾನು ಬಾಗಿಲ ಮುಂದೆ ರಂಗೋಲಿ ಹಾಕುತ್ತಿದ್ದೆ. ಒಂದು ಮೊಪೆಡ್ ಬಂದು ನಿಂತಿತು. ಅದರ ಮೇಲೆ ಫಿನೈಲಿನ ವಾಸನೆಯ, ದೊಡ್ಡ ಕೈಗಳ, ದಪ್ಪ ಕನ್ನಡಕದ ಒಬ್ಬ ಗೃಹಸ್ಥರು.

"ನಮಸ್ಕಾರ್ರಿ ಬಾಯಾರ," ಎಂದರು. ಶಾಲೆ ಕಲಿಸುವ ಹೆಂಗಸರನ್ನು ನಮ್ಮ ಕಡೆ ಬಾಯಾರು ಎಂದೇ ಕರೆಯುವುದು. "ನಾ ಬಾಜೂ ಮನಿಯಾಂವ. ನಿನ್ನಿ ಪಿಚ್ಚರ್‌ಕ್ಕ ಬಂದಿದ್ರಲ್ಲ, ಇಂಟರ್ವಲ್ ಆದ ಮ್ಯಾಲ ಭಾಳ ಅತ್ರಿ. ಯಾಕ ಅತ್ರಿ?"

ನನಗೆ ಸಿಟ್ಟು, ನಾಚಿಕೆ ಒಟ್ಟಿಗೇ ಬಂದವು. "ನಾ ಅತ್ತೆ ಅಂತ ನಿಮಗ ಯಾರ ಹೇಳಿದ್ರು?"

"ಹೇಳೂದೇನ್ ಬಂತು? ನಾನ ನೋಡಿದ್ನಲ್ಲ. ಅತ್ತಿ ಬೈದಿದ್ದಕ್ಕ ಅತ್ರೋ, ಗಂಡ ಸುಮ್ಮನ ನಿಂತಿದ್ದಕ್ಕ ಅತ್ರೋ, ಅಷ್ಟ ಹೇಳ್ರಿ ಸಾಕು."

ಅಷ್ಟರಲ್ಲಿ ಪಕ್ಕದ ಮನೆಯೊಳಗಿಂದ ಒಂದು ಹೆಣ್ಣು ದನಿ ಬಂತು: "ಏನ್ರಿ, ಅವ್ರು ಮನಿಗೆ ಬಂದು ಇನ್ನೂ ವಾರ ಆಗಿಲ್ಲ. ಇವತ್ತ ಊರ ಬಿಡಿಸ್ತೀರೇನ?"

ಅದು ಅವರ ಹೆಂಡತಿ. ನಾನು ಅವರನ್ನು ಅಕ್ಕ ಎನ್ನುತ್ತಿದ್ದೆ. ಡಾಕ್ಟರರು ಮೊಪೆಡ್ ಏರಿ ಹೋದ ಮೇಲೆ ಅಕ್ಕ ಹೊರಗೆ ಬಂದು, "ಬ್ಯಾಸರ ಮಾಡ್ಕೋಬ್ಯಾಡ್ರಿ ಬಾಯಾರ. ನಮ್ಮ ಮನಿಯವ್ರಿಗೆ ಎರಡ ದವಾಖಾನಿ ಅದಾವು. ಒಂದ್ರಾಗ ದನಾ, ಇನ್ನೊಂದ್ರಾಗ ಮಂದಿ," ಎಂದರು.

ಅವರ ಆ ಎರಡನೆಯ ದವಾಖಾನೆಯನ್ನು ಮುಂದಿನ ರವಿವಾರ ಕಣ್ಣಾರೆ ಕಂಡೆ. ಟಾಕೀಸಿನಲ್ಲಿ ಗಂಡಸರು ಒಂದು ಕಡೆ, ಹೆಂಗಸರು ಒಂದು ಕಡೆ, ನಡುವೆ ಮೊಳಕಾಲೆತ್ತರದ ಗೋಡೆ. ಪರದೆಯ ಕೆಳಗೆ, ಹೊರಗೆ ಹೋಗುವ ಬಾಗಿಲ ಪಕ್ಕದ ಮೂಲೆಯಲ್ಲಿ ಗೇಟ್‌ಕೀಪರ ಒಂದು ಸ್ಟೂಲು ತಂದಿಟ್ಟ. ಡಾಕ್ಟರರು ಟಿಕೀಟು ತೋರಿಸಿ ಬಂದು ಅದರ ಮೇಲೆ ಕುಳಿತು, ಪರದೆಗೆ ಬೆನ್ನು ತಿರುಗಿಸಿ, ನಮ್ಮೆಲ್ಲರನ್ನೂ ನೋಡತೊಡಗಿದರು. ಪರದೆಯ ಬೆಳಕು ನಮ್ಮ ಮುಖದ ಮೇಲೆ ಬೀಳುತ್ತಿತ್ತಲ್ಲ, ಅವರಿಗೆ ಅದೇ ಸಿನಿಮಾ. ಯಾವ ಚಿತ್ರ ಓಡುತ್ತದೆ, ಯಾವುದು ಬೀಳುತ್ತದೆ ಎಂದು ಆ ಮುಖಗಳನ್ನು ನೋಡಿಯೇ ಹೇಳುವುದು ಅವರ ಹುಚ್ಚು. ಊರಿನವರಿಗೆ ಇದು ರೂಢಿಯಾಗಿತ್ತು. ಯಾರೂ ಅವರ ಕಡೆ ಲಕ್ಷ್ಯ ಕೊಡುತ್ತಿರಲಿಲ್ಲ. ಯಾರದಾದರೂ ಕೂಸು ಅತ್ತರೆ ಮಾತ್ರ ಅವರು ಕೂತಲ್ಲಿಂದಲೇ ನಾಲಗೆಯಿಂದ 'ಟಕ್ ಟಕ್' ಎಂದು ಸಪ್ಪಳ ಮಾಡುತ್ತಿದ್ದರು. ಬೆದರಿದ ಹೋರಿಗಳನ್ನು ಸಮಾಧಾನಪಡಿಸುವ ಆ ಸಪ್ಪಳಕ್ಕೆ ಕೂಸುಗಳೂ ಸುಮ್ಮನಾಗುತ್ತಿದ್ದವು.

"ಡಾಕ್ಟರ್, ಪಿಚ್ಚರನ್ನ ನೋಡದ ಅದು ಓಡತೈತೋ ಇಲ್ಲೋ ಹೆಂಗ್ರಿ ಹೇಳ್ತೀರಿ?" ಎಂದು ನಾನೊಮ್ಮೆ ಕೇಳಿದೆ.

"ದನದ ಡಾಕ್ಟರ್ ಹೊಟ್ಟು ತಿಂದ ನೋಡ್ತಾನೇನ್ರಿ? ದನಾ ಅದನ್ನ ಹೆಂಗ ತಿಂತೈತಿ, ಅದನ್ನ ನೋಡಬೇಕು," ಎಂದರು. "ಎತ್ತು ಬಂದು ನನಗ ಇಲ್ಲಿ ಬ್ಯಾನಿ ಐತಿ ಅಂತ ಹೇಳೂದಿಲ್ಲ. ಮಂದೀನೂ ಹಂಗ. ಪಿಚ್ಚರ್ ಹೆಂಗಿತ್ತಪಾ ಅಂತ ಕೇಳ್ರಿ, ಎಲ್ಲಾರೂ 'ಚಲೋ ಐತ್ರಿ' ಅಂತಾರ. ಯಾಕ ಚಲೋ? ಗೊತ್ತಿಲ್ಲ. ನಾವ ಮಾರಿ ನೋಡಿ ಹಿಡೀಬೇಕು."

ಹೀಗಾಗಿ ಅವರಿಗೆ ಯಾವ ಚಿತ್ರದ ಕಥೆಯೂ ನೆಟ್ಟಗೆ ಗೊತ್ತಿರುತ್ತಿರಲಿಲ್ಲ. ಕಥೆ ಹೇಳಿ ಎಂದರೆ, "ಮೊದಲ ಎಲ್ಲಾರೂ ಶೇಂಗಾ ತಿನಕೋತ ಕುಂತಿದ್ರು. ಆಮ್ಯಾಲ ತಿನ್ನೂದು ನಿಂತು. ನಾಕನೇ ಸಾಲಿನ ಗೌಡ್ರು ಟೊಪಗಿ ತಗದು ತೊಡಿ ಮ್ಯಾಲ ಇಟಗೊಂಡ್ರು. ಹೆಂಗಸರ ಕಡೆ ಒಬ್ಬಾಕಿ ಸೆರಗು ಬಾಯಾಗ ತುರಕ್ಕೊಂಡ್ಲು," ಎಂದು ಹೇಳಿ, "ಅಲ್ಲಿಗೆ ಪಿಚ್ಚರ್ ಮುಗೀತು," ಎನ್ನುತ್ತಿದ್ದರು. ನಾಯಕ ಸತ್ತನೋ ಉಳಿದನೋ ಅವರಿಗೆ ಸಂಬಂಧವಿಲ್ಲ.

ಡಾಕ್ಟರಿಕೆಯಲ್ಲಿ ಮಾತ್ರ ಅವರ ಕೈಗುಣ ದೊಡ್ಡದಿತ್ತು. ಮುರಗೋಡದಲ್ಲಿ ಒಂದು ಎಮ್ಮೆಗೆ ಕರು ಅಡ್ಡ ಸಿಕ್ಕಿಕೊಂಡಿತ್ತಂತೆ. ಇವರು ಹೆಗಲವರೆಗೂ ಕೈ ಒಳಗೆ ಹಾಕಿ ಕರುವಿನ ಕಾಲು ಹುಡುಕುತ್ತಿರುವಾಗಲೇ, ಎಮ್ಮೆಯ ಬಾಲ ಹಿಡಿದು ನಡುಗುತ್ತ ನಿಂತ ಮಾಲಕನನ್ನು, "ಸವದತ್ತಿ ಟಾಕೀಸಿಗೆ ಹೋಗಿದ್ದೆಂತಲ್ಲ ತಮ್ಮಾ, ಫೈಟಿಂಗಿನ್ಯಾಗ ಮಂದಿ ಸಿಳ್ಳೆ ಹಾಕಿದ್ರೇನ?" ಎಂದು ಕೇಳಿದರಂತೆ. ಎಮ್ಮೆಯೂ ಉಳಿಯಿತು, ಕರುವೂ ಉಳಿಯಿತು. ಸಿಳ್ಳೆಯ ಬಗ್ಗೆ ಸರಿಯಾದ ಉತ್ತರ ಸಿಗಲಿಲ್ಲವೆಂದು ಡಾಕ್ಟರರಿಗೆ ಬೇಸರ.

ದನಗಳ ಜಡ್ಡನ್ನು ಮುಟ್ಟಿದ ಕೂಡಲೇ ಹೇಳುತ್ತಿದ್ದ ಈ ಮನುಷ್ಯ ಸಿನಿಮಾದ ಮಟ್ಟಿಗೆ ಹೇಳಿದ್ದೆಲ್ಲ ತಪ್ಪಾಗುತ್ತಿತ್ತು. ಇದು ಊರಿಗೆಲ್ಲ ಗೊತ್ತಿತ್ತು. ಅವರೊಬ್ಬರಿಗೆ ಗೊತ್ತಿರಲಿಲ್ಲವೋ, ಗೊತ್ತಿದ್ದೂ ಹಟ ಬಿಡಲಿಲ್ಲವೋ, ನಾನು ಹೇಳಲಾರೆ.

ಅಣ್ಣ-ತಂಗಿಯ ಚಿತ್ರವೊಂದು ಆಗ ಬಂದಿತ್ತು. ಮೊದಲು ರಾಮದುರ್ಗದಲ್ಲಿ ಹಚ್ಚಿದ್ದರು. ನಮ್ಮೂರ ಟಾಕೀಸಿನ ಸಾವುಕಾರರಿಗೆ ಅದನ್ನು ತರಿಸಬೇಕೋ, ಹೊಡೆದಾಟದ ಇನ್ನೊಂದು ಚಿತ್ರ ತರಿಸಬೇಕೋ ಎಂಬ ಪೇಚಾಟ. ಅದೇ ಹೊತ್ತಿಗೆ ಡಾಕ್ಟರರು ದನಗಳಿಗೆ ಲಸಿಕೆ ಹಾಕುವ ಶಿಬಿರಕ್ಕೆಂದು ರಾಮದುರ್ಗಕ್ಕೆ ಹೊರಟಿದ್ದರು. ಸಾವುಕಾರರು, "ಹಂಗ ಒಂದ್ ಆಟ ನೋಡಿ ಬರ್ರಿ," ಎಂದು ಹೇಳಿ ಕಳಿಸಿದರು. ಇವರು ಹೋದರು, ಬೆನ್ನು ಮಾಡಿ ಕುಳಿತರು, ಬಂದು ವರದಿ ಕೊಟ್ಟರು:

"ತರಸಬ್ಯಾಡ್ರಿ ಸಾವ್ಕಾರ್ರ. ಹೆಂಗಸ್ರು ಅಳೂದು ಅತ್ರು, ಆದ್ರ ಮುಗಿಯೂತನಕ ಯಾರೂ ಕುಂದ್ರಲಿಲ್ಲ. ತಂಗಿ ಸಾಯೂಕಿಂತ ಮೊದಲ ಗುಂಪಗಟ್ಟಿ ಎದ್ದ ಹ್ವಾದ್ರು. ತಡಕೊಳ್ಳಾಕ ಆಗವಲ್ದು ಅವ್ರಿಗೆ. ಇದು ಓಡೂದಿಲ್ಲ."

ಸಾವುಕಾರರು ಹೊಡೆದಾಟದ ಚಿತ್ರ ತರಿಸಿದರು. ಅದು ವಾರ ತುಂಬುವುದರೊಳಗೆ ಬಿದ್ದುಹೋಯಿತು. ತಂಗಿಯ ಚಿತ್ರ ಸವದತ್ತಿಗೆ ಬಂತು. ನಮ್ಮೂರ ಹೆಂಗಸರು ಟ್ರ್ಯಾಕ್ಟರ್ ಮಾಡಿಕೊಂಡು, ಬುತ್ತಿ ಕಟ್ಟಿಕೊಂಡು ಸವದತ್ತಿಗೆ ಹೋಗಿ ಅತ್ತು ಬಂದರು. ಆಮೇಲೆ ತಿಳಿದದ್ದು ಇಷ್ಟು: ರಾಮದುರ್ಗದಲ್ಲಿ ಆಟ ಮುಗಿಯುವ ಮೊದಲೇ ಎದ್ದು ಹೋದವರೆಲ್ಲ ಕಟಕೋಳದ ಕಡೆಯ ಹೆಂಗಸರು. ಅವರೂರಿನ ಬಸ್ಸು ಹೊರಡುವ ವೇಳೆಯಾಗಿತ್ತು. ತಂಗಿ ಸಾಯುವುದನ್ನು ನೋಡಬೇಕೆಂದು ಅವರೆಲ್ಲ ಮುಂದಿನ ವಾರ ಮತ್ತೆ ಬಂದಿದ್ದರಂತೆ.

ಅಂದಿನಿಂದ ಸಾವುಕಾರರು ಜಾಣರಾದರು. ಪ್ರತಿ ಚಿತ್ರಕ್ಕೂ ಡಾಕ್ಟರರ ಅಭಿಪ್ರಾಯ ಕೇಳುವುದನ್ನು ಬಿಡಲಿಲ್ಲ. "ಓಡೂದಿಲ್ಲ ಅಂತೀರಾ? ಖಾತ್ರಿ ಐತಿ? ಹಂಗಾರ ತರಸ್ತೇನಿ," ಎಂದು ಸಮಾಧಾನದಿಂದ ಎದ್ದು ಹೋಗುತ್ತಿದ್ದರು. ಡಾಕ್ಟರರು ಇದನ್ನು ಅಪಮಾನವೆಂದುಕೊಳ್ಳಲಿಲ್ಲ. ಯಾವುದು ಓಡಿದರೂ, ಯಾವುದು ಬಿದ್ದರೂ ಅದರ ಕಾರಣ ಅವರಿಗೆ ಮರುದಿನ ಹೊಳೆದಿರುತ್ತಿತ್ತು.

ಒಂದು ಪ್ರೇಮದ ಚಿತ್ರದಲ್ಲಿ ಗಂಡಸರ ಕಡೆ ಅರ್ಧಕ್ಕರ್ಧ ಜನ ಗೊರಕೆ ಹೊಡೆದದ್ದನ್ನು ಕಂಡು ಅದು ಮುಳುಗಿತೆಂದೇ ಸಾರಿದ್ದರು. ಅದು ಜೋಳದ ರಾಶಿಯ ಕಾಲ. ದುಡಿದು ದಣಿದು ಬಂದವರು ಮಲಗಿದ್ದರು ಅಷ್ಟೇ. ನಿದ್ದೆಯಲ್ಲಿ ತಪ್ಪಿಹೋದ ಭಾಗ ನೋಡಲು ಎಲ್ಲರೂ ಮತ್ತೆ ಬಂದರು, ಚಿತ್ರ ಭರ್ಜರಿಯಾಗಿ ಓಡಿತು. "ನೋಡ್ರಿ ಬಾಯಾರ, ಓಡಬೇಕಂದ್ರ ಪಿಚ್ಚರಿನ್ಯಾಗ ಒಂದೀಟು ನಿದ್ದಿ ಬರೂವಂಥಾ ಜಾಗಾನೂ ಇರಬೇಕು," ಎಂದು ಡಾಕ್ಟರರು ನನಗೆ ಗಂಭೀರವಾಗಿ ತಿಳಿಸಿದರು.

ಅವರ ಎಲ್ಲ ಮಾತೂ ಹುಡುಗಾಟದ್ದು ಎನ್ನುವಂತೆಯೂ ಇರಲಿಲ್ಲ. ತಂಗಿಯ ಚಿತ್ರ ಅಷ್ಟು ಯಾಕೆ ಓಡಿತೆಂದು ಎಷ್ಟೋ ದಿನ ಯೋಚಿಸಿ ಒಮ್ಮೆ ಹೇಳಿದರು: "ಮನ್ಯಾಗ ಹೆಂಗಸ್ರು ಅತ್ರ ಯಾಕ ಅಳ್ತಿ ಅಂತ ಹತ್ತ ಮಂದಿ ಕೇಳ್ತಾರ. ಉತ್ತರಾ ಹೇಳಬೇಕಾಕ್ಕೈತಿ. ಟಾಕೀಸಿನ್ಯಾಗ ಅತ್ರ ಯಾರೂ ಕೇಳೂದಿಲ್ಲ. ಅದಕ್ಕ ಬರ್ತಾರ."

"ನೀವೊಬ್ರು ಕೇಳ್ತೀರಲ್ರಿ," ಎಂದೆ ನಾನು.

ಅವರು ಕನ್ನಡಕ ತೆಗೆದು ಒರೆಸಿಕೊಂಡರು. "ಅದೂ ಖರೆ," ಎಂದರು. ಕೇಳುವುದನ್ನೇನೂ ಬಿಡಲಿಲ್ಲ.

ಇಷ್ಟೆಲ್ಲ ಮುಖಗಳನ್ನು ಓದುವವರ ಹೆಂಡತಿ ಟಾಕೀಸಿನ ಹೊಸ್ತಿಲನ್ನೂ ತುಳಿದವರಲ್ಲ. ಅಕ್ಕನಿಗೆ ಸಿನಿಮಾ ಎಂದರೆ ಗಂಡನಿಗೆ ಅಂಟಿದ ಒಂದು ಜಡ್ಡು. ಡಾಕ್ಟರರು ಬೆಳಿಗ್ಗೆ ಹೋದರೆ ಹಳ್ಳಿ ಹಳ್ಳಿ ಸುತ್ತಿ, ರೈತರ ಮನೆಯಲ್ಲಿ ಎಲ್ಲೋ ರೊಟ್ಟಿ ತಿಂದು, ಸಂಜೆ ಆಟದ ಹೊತ್ತಿಗೆ ನೇರವಾಗಿ ಟಾಕೀಸಿಗೆ ಹೋಗುವವರು. ಮಕ್ಕಳಿಲ್ಲದ ಮನೆ. ಅಕ್ಕ ತಮ್ಮ ಪಾಡಿಗೆ ಹಪ್ಪಳ ಮಾಡುತ್ತ, ಕೌದಿ ಹೊಲೆಯುತ್ತ, ಸಂಜೆ ನನ್ನ ಜೊತೆ ಕಟ್ಟೆಯ ಮೇಲೆ ಕುಳಿತು ಅವಲಕ್ಕಿ ತಿನ್ನುತ್ತ ಇರುತ್ತಿದ್ದರು. ನಾಲ್ಕು ಜನರ ಮುಂದೆ ಮಾತಾಡುವ ಪ್ರಸಂಗ ಬಂದರೆ ಸೆರಗು ಹೊದ್ದು ಒಳಗೆ ಸರಿಯುವ ಸ್ವಭಾವ.

ಹೀಗಿರುವಾಗ ಒಂದು ದೇವಿ ಚಿತ್ರ ಬಂತು. ಸಾವುಕಾರರು ಟಾಕೀಸಿನ ನೆಲ ತೊಳೆಸಿ, ಬಾಗಿಲಿಗೆ ಮಾವಿನ ತೋರಣ ಕಟ್ಟಿಸಿ, ಚಪ್ಪಲಿಯನ್ನು ಹೊರಗೇ ಬಿಡಬೇಕೆಂದು ಬೋರ್ಡು ಹಾಕಿಸಿದ್ದರು. ಸುತ್ತಲಿನ ಹಳ್ಳಿಗಳಿಂದ ಚಕ್ಕಡಿ ಹೂಡಿಕೊಂಡು ಜನ ಬಂದರು. ಎಂದೂ ಟಾಕೀಸು ನೋಡದವರೂ ಬಂದರು. ಪರದೆಯ ಮೇಲೆ ದೇವಿ ಕಣ್ಣು ಬಿಟ್ಟ ಕೂಡಲೇ ಹೆಂಗಸರ ಕಡೆ ಇಬ್ಬರು ಮೂವರಿಗೆ ಮೈದುಂಬುತ್ತಿತ್ತು. ಉಳಿದವರು ಅವರಿಗೆ ಕುಂಕುಮ ಹಚ್ಚುತ್ತಿದ್ದರು. ಈ ಚಿತ್ರ ಯಾಕೆ ಓಡುತ್ತದೆ ಎಂದು ಸಣ್ಣ ಹುಡುಗರೂ ಹೇಳಬಹುದಾಗಿತ್ತು. ಡಾಕ್ಟರರಿಗೆ ಮಾತ್ರ ಬೇರೆ ಏನೋ ಇದೆ ಎಂಬ ಗುಮಾನಿ. ದಿನ ಬಿಡದೆ ಹೋಗಿ ಸ್ಟೂಲಿನ ಮೇಲೆ ಕುಳಿತು ಹೆಂಗಸರ ಕಡೆಯೇ ದೃಷ್ಟಿ ನೆಟ್ಟರು.

ಒಂದು ಮಧ್ಯಾಹ್ನದ ಆಟಕ್ಕೆ ನಾನೂ ಹೋಗಿದ್ದೆ. ಇಂಟರ್ವಲ್ಲಿಗೆ ದೀಪ ಹತ್ತಿದವು. ಗಂಡಸರ ಕಡೆಯಿಂದ ಒಬ್ಬ ತರುಣ ಗೋಡೆ ದಾಟಿ ಬಂದು ಡಾಕ್ಟರರ ಕೊರಳಪಟ್ಟಿಗೆ ಕೈ ಹಾಕಿದ. ಹೊಸದಾಗಿ ಮದುವೆಯಾದವನು, ಯಾವುದೋ ಹಳ್ಳಿಯಿಂದ ಹೆಂಡತಿಯನ್ನು ಕರೆದುಕೊಂಡು ಬಂದಿದ್ದ. ಡಾಕ್ಟರರು ಯಾರೆಂದು ಅವನಿಗೆ ಗೊತ್ತಿರಲಿಲ್ಲ.

"ಪಡದೆ ಆ ಕಡೆ ಐತಿ. ಈ ಕಡೆ ಏನ್ ನೋಡಾಕತ್ತಿಯೋ ಮುದುಕಾ? ಆಗಿನಿಂದ ನೋಡಾಕ ಹತ್ತೇನಿ!"

ಸುಳ್ಳು ಹೇಳಲು ಬಾರದ ಡಾಕ್ಟರರು ಬೇರೆ ಯಾರೂ ಹೇಳಲಾರದಂಥ ಉತ್ತರ ಹೇಳಿದರು: "ನಿನ್ನ ಮನಿಯಾಕಿ ಮಾರಿ ನೋಡಾಕ ಹತ್ತಿದ್ನಿ ತಮ್ಮಾ. ಎಲ್ಲಾರೂ ಕೈ ಮುಗದ್ರ ಆಕಿ ಒಬ್ಬಾಕಿ ನಗಾಕ ಹತ್ತಿದ್ಲು. ಯಾಕ ನಕ್ಕಳು ಕೇಳ ಒಂದೀಟು."

ಆ ಹುಡುಗ ಕಪಾಳಕ್ಕೆ ಹೊಡೆದ. ಕನ್ನಡಕ ನೆಲಕ್ಕೆ ಬಿತ್ತು. ಜನ ಮುತ್ತಿದರು. ಊರಿನ ನಾಲ್ಕು ಜನ "ಏ, ಡಾಕ್ಟರ್ ಅದಾರೋ, ಬಿಡೋ!" ಎಂದು ಬಿಡಿಸುವುದರೊಳಗೆ ಅವರ ಅಂಗಿಯ ಗುಂಡಿ ಕಿತ್ತುಹೋಗಿದ್ದವು. ಸಾವುಕಾರರು ಓಡಿ ಬಂದರು. ಹುಡುಗನಿಗೂ ಕೈ ಮುಗಿದರು, ಡಾಕ್ಟರರಿಗೂ ಕೈ ಮುಗಿದರು. ಆಮೇಲೆ ಡಾಕ್ಟರರ ಕಿವಿಯ ಹತ್ತಿರ, "ಒಂದ ನಾಕ ದಿನಾ ಈ ಕಡೆ ಬರಬ್ಯಾಡ್ರಿ. ಹೆಂಗಸ್ರು ಬರೂದು ನಿಂತ್ರ ನನ್ನ ಟಾಕೀಸ ಮುಚ್ಚತೈತಿ," ಎಂದರು.

ಡಾಕ್ಟರರು ನೆಲ ತಡವುತ್ತ ಕನ್ನಡಕ ಹುಡುಕುತ್ತಿದ್ದರು. ನಾನೇ ಎತ್ತಿಕೊಟ್ಟೆ. ಅವರು ನನ್ನ ಮುಖ ನೋಡಲಿಲ್ಲ.

ಮರುದಿನದಿಂದ ಊರಿನ ಬಾಯಿಗೆ ಒಂದು ತಿಂಡಿ ಸಿಕ್ಕಿತು. ನಮ್ಮ ಶಾಲೆಯ ಸ್ಟಾಫ್ ರೂಮಿನಲ್ಲಿ ಗಣಿತದ ಮಾಸ್ತರರು, "ದನಾ ನೋಡಿ ನೋಡಿ ಬ್ಯಾಸರ ಬಂದಿರಬೇಕು," ಎಂದು ನಕ್ಕರು. ದವಾಖಾನೆಯ ಗೋಡೆಯ ಮೇಲೆ ಯಾರೋ ಇದ್ದಿಲಿನಿಂದ ಎರಡು ದೊಡ್ಡ ಕಣ್ಣು ಬರೆದಿದ್ದರು. ಹೆಂಗಸರು ಎಮ್ಮೆ ಹೊಡೆದುಕೊಂಡು ಬರುವುದನ್ನು ಬಿಟ್ಟು ಗಂಡಸರ ಕೈಯಲ್ಲಿ ಕಳಿಸತೊಡಗಿದರು. ಡಾಕ್ಟರರು ಕೆಲಸಕ್ಕೆ ಹೋಗುತ್ತಿದ್ದರು, ಬರುತ್ತಿದ್ದರು, ಅಷ್ಟೇ. ಒಬ್ಬ ರೈತ ಪಾಪ, ಅವರನ್ನು ಖುಷಿಪಡಿಸಲೆಂದು ತಾನಾಗಿಯೇ ಹೊಸ ಚಿತ್ರದ ಸುದ್ದಿ ತೆಗೆದನಂತೆ. "ಎತ್ತಿಂದು ಹೇಳಪಾ. ಮೇವು ತಿಂತೈತೋ ಇಲ್ಲೋ?" ಎಂದಷ್ಟೇ ಕೇಳಿದರಂತೆ. ಸಂಜೆ ಮನೆಯಲ್ಲಿ ಗೋಡೆ ನೋಡುತ್ತ ಕೂರುತ್ತಿದ್ದರು. ಎದುರಿಗೆ ಯಾರ ಮುಖ ಬಂದರೂ ಕಣ್ಣು ತಗ್ಗಿಸುತ್ತಿದ್ದರು. ಹೀಗೇ ಹಲವು ವಾರ ಕಳೆದವು. ದೇವಿ ಚಿತ್ರ ಹೋಗಿ ಒಂದು ನಗೆಯ ಚಿತ್ರ ಬಂತು.

ಒಂದು ರವಿವಾರ ಮಧ್ಯಾಹ್ನ ಅಕ್ಕ ನಮ್ಮ ಮನೆಗೆ ಬಂದರು. ಇಳಕಲ್ ಸೀರೆ ಉಟ್ಟಿದ್ದರು, ತಲೆಗೆ ಅಬ್ಬಲಿಗೆ ಮುಡಿದಿದ್ದರು. "ಲಗೂನ ತಯಾರಾಗ್ರಿ ಬಾಯಾರ. ಪಿಚ್ಚರ್‌ಕ್ಕ ಹೋಗೂಣು," ಎಂದರು. ನಾನು ತಯಾರಾಗಿ ಅವರ ಮನೆಗೆ ಹೋದರೆ ಡಾಕ್ಟರರು ಕುಳಿತಲ್ಲಿಂದ ಕದಲಲಿಲ್ಲ.

"ನಾ ಒಲ್ಲೆ. ಮಂದಿ ಏನಂದಾರು?"

"ಮಂದಿ ಅನ್ನೂದೆಲ್ಲಾ ಅಂದ ಮುಗಿಸ್ಯಾರ. ಹಿಂಗ ಮನ್ಯಾಗ ಕುಂತ್ರ ಅದೆಲ್ಲಾ ಖರೆ ಅಂತ ಆಕ್ಕೈತಿ. ನೀವೇನ್ ಕಳ್ಳತನ ಮಾಡೀರಿ? ಏಳ್ರಿ."

ಡಾಕ್ಟರರು ಎದ್ದರು. ಆ ದನಿಯನ್ನು ಅವರು ಎಂದೂ ಕೇಳಿದ್ದಂತೆ ಕಾಣಲಿಲ್ಲ.

ಟಾಕೀಸಿನ ಬಾಗಿಲಲ್ಲಿ ಸಾವುಕಾರರು ಬಾಯಿ ತೆರೆಯುವ ಮೊದಲೇ ಅಕ್ಕ, "ಟಿಕೀಟ ತಗೊಂಡೇವಿ ಅಣ್ಣಾರ," ಎಂದು ಒಳಗೆ ನಡೆದರು. ಗೇಟ್‌ಕೀಪರನಿಗೆ ಸ್ಟೂಲು ತರಲು ಹೇಳಿದರು. ಅದನ್ನು ಮೊದಲಿನ ಜಾಗದಲ್ಲೇ ಇಡಿಸಿದರು. ಡಾಕ್ಟರರು ಅಪರಾಧಿಯ ಹಾಗೆ ಬಂದು ಕುಳಿತರು. ಹಿಂದಿನ ಸಾಲಿನಿಂದ ಒಂದು ಸಿಳ್ಳೆ ಬಂತು, ಇನ್ನೊಂದು ಬಂತು. "ಡಾಕ್ಟರ್, ಯಾವ ಸಾಲು ಇವತ್ತ?" ಎಂದು ಯಾರೋ ಕೂಗಿದ. ನಗೆ ಎದ್ದಿತು. ಡಾಕ್ಟರರ ಮುಖ ಕಪ್ಪಿಟ್ಟಿತು.

ನನ್ನ ಪಕ್ಕದಲ್ಲಿದ್ದ ಅಕ್ಕ ಎದ್ದು ನಿಂತರು. ಸೆರಗು ಸೊಂಟಕ್ಕೆ ಸಿಕ್ಕಿಸಿ ಗಂಡಸರ ಕಡೆ ತಿರುಗಿದರು.

"ಯಾರಪಾ ಕೇಳಿದಾಂವ? ಎದ್ದ ನಿಂತು ಕೇಳು. ಇವ್ರು ನನ್ನ ಗಂಡ. ಲಗ್ನಾಗಿ ಇಷ್ಟ ವರ್ಷಾತು, ಎದುರ ಕುಂತ ನನ್ನ ಮಾರೀನ ಇವ್ರು ನೆಟ್ಟಗ ನೋಡಿಲ್ಲ, ನಿಮ್ಮ ಮನಿ ಹೆಂಗಸರ ಮಾರಿ ಏನ್ ನೋಡ್ತಾರ? ನಿಮ್ಮ ಎತ್ತು ಎಮ್ಮಿ ಸಾಯಾಕ ಬಿದ್ದಾಗ ನಡುರಾತ್ರ್ಯಾಗ ಓಡಿ ಬಂದಾಂವ ಯಾರು? ಆವಾಗ ನಿಮ್ಮ ಮನ್ಯಾಗ ಹೆಂಗಸ್ರ ಇದ್ದಿಲ್ಲೇನ? ಆವಾಗ ಇವ್ರ ಕಣ್ಣು ಎಲ್ಲಿತ್ತು, ಹೇಳ್ರಿ!"

ಹೆಂಗಸರ ಕಡೆಯಿಂದ ಒಬ್ಬ ಮುದುಕಿ, "ಖರೆ ಹೇಳಿದ್ಯವ್ವಾ! ನಮ್ಮ ಮನಿಯಾಂವನೂ ಹಂಗ, ಒಂದಿನಾ ಮಾರಿ ನೋಡಿಲ್ಲ," ಎಂದಳು. ನಗೆ ಸಿಡಿಯಿತು. ಈ ಸಲದ ನಗೆ ಡಾಕ್ಟರರ ಮೇಲೆ ಬಿದ್ದದ್ದಲ್ಲ, ಎಲ್ಲ ಗಂಡಂದಿರ ಮೇಲೂ ಹಂಚಿಹೋಯಿತು. ದೀಪ ಆರಿದವು.

ನಗೆಯ ಚಿತ್ರ, ಜನ ಬಿದ್ದು ಬಿದ್ದು ನಗುತ್ತಿದ್ದರು. ಅದರಲ್ಲೊಂದು ದೃಶ್ಯ. ಹೆಂಡತಿ ಬುತ್ತಿಗಂಟು ಹೊತ್ತು ಹೊಲಕ್ಕೆ ಹೋಗುತ್ತಾಳೆ. ಗಂಡ ಗೆಳೆಯರ ಜೊತೆ ಹರಟೆಯಲ್ಲಿ ಮೈಮರೆತಿದ್ದಾನೆ, ತಿರುಗಿಯೂ ನೋಡುವುದಿಲ್ಲ. ಅವಳು ಕಾದು ಕಾದು ಕೊನೆಗೆ ಬುತ್ತಿ ಬಿಚ್ಚಿ ನಾಯಿಗೆ ಹಾಕಿ ಬರುತ್ತಾಳೆ. ಟಾಕೀಸು ನಗೆಯಿಂದ ನಡುಗಿತು. ನಾನೂ ನಗುತ್ತಲೇ ಪಕ್ಕಕ್ಕೆ ತಿರುಗಿದೆ. ಅಕ್ಕ ಅಳುತ್ತಿದ್ದರು. ಸದ್ದಿಲ್ಲದೆ, ಸೆರಗನ್ನು ಬಾಯಿಗೆ ಒತ್ತಿ, ಹೆಗಲು ಅಲ್ಲಾಡುವಂತೆ ಅಳುತ್ತಿದ್ದರು.

ಡಾಕ್ಟರರು ಅದನ್ನು ನೋಡಿದರು. ನಗುವ ನೂರಾರು ಮುಖಗಳ ನಡುವೆ ಅಳುವ ಮುಖ ಅದೊಂದೇ. ಅವರು ಬಹಳ ಹೊತ್ತು ಆ ಮುಖವನ್ನೇ ನೋಡಿದರು. ಆಮೇಲೆ ನಾನು ಎಂದೂ ಕಾಣದ್ದನ್ನು ಕಂಡೆ. ಅವರು ನಿಧಾನವಾಗಿ ಕುತ್ತಿಗೆ ತಿರುಗಿಸಿ, ಅಲ್ಲಿ ಏನು ನಡೆದಿದೆಯೆಂದು ಪರದೆಯ ಕಡೆ ನೋಡಿದರು. ನಾಯಿ ರೊಟ್ಟಿ ತಿನ್ನುತ್ತಿತ್ತು.

ಆಟ ಮುಗಿದು ಮನೆಗೆ ಬರುವಾಗ ದಾರಿಯುದ್ದಕ್ಕೂ ಅವರು 'ಯಾಕ ಅತ್ತಿ' ಎಂದು ಕೇಳಲಿಲ್ಲ. ಇಡೀ ತಾಲೂಕನ್ನು ಕೇಳಿದವರು ಹೆಂಡತಿಯನ್ನು ಕೇಳಲಿಲ್ಲ. ಸೋಮವಾರ ನಾನು ಊಟದ ಬಿಡುವಿನಲ್ಲಿ ಮನೆಗೆ ಬಂದಾಗ ಅವರ ಬಾಗಿಲಲ್ಲಿ ಮೊಪೆಡ್ ನಿಂತಿತ್ತು. ಒಳಗೆ ಅಕ್ಕ ರೊಟ್ಟಿ ಬಡಿಯುತ್ತಿದ್ದರು, ಡಾಕ್ಟರರು ಒಲೆಯ ಮುಂದೆ ಮಣೆ ಹಾಕಿಕೊಂಡು ಕುಳಿತಿದ್ದರು. ಮಂಗಳವಾರವೂ ಮೊಪೆಡ್ ನಿಂತಿತ್ತು. ಆಮೇಲೆ ಅದು ಊರಿನ ಗಡಿಯಾರವಾಯಿತು. ಮುರಗೋಡದಲ್ಲಿ ಎಷ್ಟೇ ದೊಡ್ಡ ಸಾವುಕಾರರ ಆಕಳಿಗೆ ಜಡ್ಡಾಗಿರಲಿ, ಔಷಧ ಹಾಕಿ, "ಊಟಕ್ಕ ಹೋಗಬೇಕ್ರಿ, ಮನ್ಯಾಗ ಕಾಯ್ತಾರ," ಎಂದು ಡಾಕ್ಟರರು ಎದ್ದೇಬಿಡುತ್ತಿದ್ದರು. ರೈತರು ಮೊದಲು ಗೊಣಗಿದರು, ಆಮೇಲೆ ಬೆಳಿಗ್ಗೆಯೇ ದನ ಹೊಡೆದುಕೊಂಡು ಬರುವುದನ್ನು ಕಲಿತರು.

ಸಿನಿಮಾ ನಿಲ್ಲಲಿಲ್ಲ. ರವಿವಾರಕ್ಕೊಮ್ಮೆ ಇಬ್ಬರೂ ಹೋಗುತ್ತಿದ್ದರು. ಸಾವುಕಾರರು ಪ್ರೊಜೆಕ್ಟರ್ ಕೋಣೆಯ ಕೆಳಗೆ ಅವರಿಗಾಗಿ ಎರಡು ಕುರ್ಚಿ ಹಾಕಿಸಿದರು. ಡಾಕ್ಟರರು ಪರದೆಗೆ ಮುಖ ಮಾಡಿ ಕೂರುವುದನ್ನು ಕಲಿತರು. ಕಲಿತರು ಎಂದೆ, ಆದರೆ ಅರ್ಧ ಆಟ ಅಕ್ಕನ ಕಡೆಗೇ ತಿರುಗಿರುತ್ತಿದ್ದರು. "ಈ ಪಿಚ್ಚರ್ ಓಡತೈತೇನ್ರಿ ಡಾಕ್ಟರ್?" ಎಂದು ಯಾರಾದರೂ ಕೇಳಿದರೆ, "ತಡೀಪಾ, ನಮ್ಮ ಮನಿಯವ್ರು ಇನ್ನೂ ಏನೂ ಅಂದಿಲ್ಲ," ಎನ್ನುವರು. ಅಕ್ಕ ಚಲೋ ಐತಿ ಅಂದದ್ದನ್ನು ಓಡುತ್ತದೆ ಎಂದು ಸಾರುವರು. ಅದೂ ತಪ್ಪಾಗುತ್ತಿತ್ತು. ಎರಡು ಸಾವಿರದ ಮೇಲೆ ಮಳೆಯಲ್ಲಿ ಹಾಡುವ ಕಾಲೇಜು ಹುಡುಗರ ಚಿತ್ರಗಳು ಬಂದಾಗ ಅಕ್ಕ, "ನೆಗಡಿ ಆಕ್ಕೈತಿ ಅವ್ಕ," ಎಂದರು. ಡಾಕ್ಟರರು ಓಡುವುದಿಲ್ಲವೆಂದರು. ಸಾವುಕಾರರು ಸಂತೋಷದಿಂದ ತರಿಸಿದರು. ಊರ ಹುಡುಗರು ಬೇಸಿಗೆಯಲ್ಲೂ ಕೊಡೆ ಹಿಡಿದು ತಿರುಗುವ ಹಾಗೆ ಅದು ಓಡಿತು.

ನಂತರ ಮನೆ ಮನೆಗೆ ಕೇಬಲ್ ಬಂತು, ಸಂತೆಯಲ್ಲಿ ಸೀಡಿಗಳು ಬಂದವು. ಹೆಂಗಸರು ಟಾಕೀಸಿಗೆ ಬರುವುದು ಕಡಿಮೆಯಾಯಿತು. ಸಂಜೆ ಅವರೆಲ್ಲ ಧಾರಾವಾಹಿಗಳ ಮುಂದೆ ಕುಳಿತರು. ಡಾಕ್ಟರರು ನಿವೃತ್ತರಾಗಿ ಕಿತ್ತೂರಿನಲ್ಲಿ ಅಕ್ಕನ ತಮ್ಮನ ಮನೆಯ ಹತ್ತಿರ ಮನೆ ಮಾಡಿದರು. ನನಗೂ ವರ್ಗವಾಯಿತು. ವರ್ಷಕ್ಕೊಮ್ಮೆ ಬನ್ನಿ ಹಬ್ಬಕ್ಕೆ ಹೋಗಿ ಬರುತ್ತಿದ್ದೆ. ಹೋದಾಗಲೆಲ್ಲ ಯಾವ ಧಾರಾವಾಹಿ ಯಾಕೆ ನಡೆದಿದೆ ಎಂದು ಡಾಕ್ಟರರು ತಪ್ಪು ತಪ್ಪಾಗಿ ವಿವರಿಸುತ್ತಿದ್ದರು. ನಾನು ಹೂಂಗುಟ್ಟುತ್ತಿದ್ದೆ.

ಹೋದ ತಿಂಗಳು ಮಾತಾಡಿಸಲು ಹೋದಾಗ ಅಕ್ಕ ಪಡಸಾಲೆಯಲ್ಲಿ ತಮ್ಮನ ಮೊಮ್ಮಗಳಿಗೆ ಜಡೆ ಹಾಕುತ್ತಿದ್ದರು. ಅತ್ತದ್ದು ಮುಗಿದಿತ್ತು. ಹಳೆಯ ಮಾತು ತೆಗೆದು ಇಬ್ಬರೂ ನಗತೊಡಗಿದೆವು. ನಾನು ಧೈರ್ಯ ಮಾಡಿ ಕೇಳಿದೆ: "ಅಕ್ಕಾ, ಆ ನಗೀ ಪಿಚ್ಚರಿನ್ಯಾಗ, ಬುತ್ತಿ ನಾಯಿಗೆ ಹಾಕಿದ್ದ ನೋಡಿ ನೀವು ಅತ್ರಲ್ರಿ..."

"ಯಾವ ಬುತ್ತಿ?" ಎಂದರು ಅಕ್ಕ.

ನಾನು ಆ ದೃಶ್ಯವನ್ನೆಲ್ಲ ಹೇಳಿದೆ. ಅವರು ಜಡೆಯ ಎಳೆ ಕೈಯಲ್ಲಿ ಹಿಡಿದುಕೊಂಡೇ ಕೇಳಿದರು.

"ಅಯ್ಯ, ಪಿಚ್ಚರ್ ಎಲ್ಲಿ ನೋಡೇನ್ರಿ ನಾ? ಹುಟ್ಟಿದಾಗಿಂದ ನಾಕ ಮಂದಿ ಮುಂದ ಬಾಯಿ ತಗದಾಕೆಲ್ಲ. ಅವತ್ತ ಅಷ್ಟ ಮಂದಿ ಮುಂದ ಎದ್ದ ನಿಂತು ಒದರಿದ್ನಿ. ಕುಂತ ಮ್ಯಾಲ ಕೈ ಕಾಲು ಗಡಗಡ ನಡಗಾಕ ಹತ್ತಿದ್ವು. ಹೆದರಿಕಿಗೆ ಅಳು ಬಂತು. ಪಡದೆ ಮ್ಯಾಲ ಯಾರ ಬಂದ್ರೋ ಯಾರ ಹ್ವಾದ್ರೋ, ಒಂದೂ ಗೊತ್ತಿಲ್ಲ ನನಗ."

"ಡಾಕ್ಟರ್ರಿಗೆ ಇದು ಗೊತ್ತಿತ್ತೇನ್ರಿ?"

ಅಕ್ಕ ಜಡೆಗೆ ರಿಬ್ಬನ್ ಕಟ್ಟಿ ಹುಡುಗಿಯನ್ನು ಆಡಲು ಕಳಿಸಿದರು.

"ವರ್ಷಾನುಗಟ್ಟಲೆ ಆದ ಮ್ಯಾಲ ಒಂದಿನಾ ಊಟಾ ಮಾಡಕೋತ ಅಂದ್ರು. 'ನೀ ಅವತ್ತ ಯಾಕ ಅತ್ತಿ, ನನಗ ಆಗ ತಿಳೀತು. ಅದೊಂದಾದ್ರೂ ಸರಿಯಾಗಿ ಹಿಡದ್ನಿ ನೋಡು' ಅಂದ್ರು. ಮಾರಿ ಅಷ್ಟ ಅರಳಿತ್ತು. ನಾ ಹೌದ್ರಿ ಅಂದು ಇನ್ನೊಂದ ರೊಟ್ಟಿ ನೀಡಿದ್ನಿ."